ಅರ್ಥ ಬೇಡದ ಪದ: ಶಿಬಲೆತ್

ಇಂಗ್ಲಿಷಿನಲ್ಲಿ ‘ಶಿಬಲೆತ್’ ಎಂಬ ನಾಮಪದವೊಂದಿದೆ. ದಿನನಿತ್ಯದ ಮಾತಿನಲ್ಲಿ ಅದು ಕಿವಿಗೆ ಬೀಳುವುದೇ ಇಲ್ಲವೆನ್ನಬಹುದು. ಪತ್ರಿಕೆಗಳ ಅಭಿಪ್ರಾಯ ಪುಟಗಳಲ್ಲಿ, ರಾಜಕೀಯ ವಿಶ್ಲೇಷಣೆಗಳಲ್ಲಿ, ಭಾಷಾವಿಜ್ಞಾನದ ಬರಹಗಳಲ್ಲಿ ಆಗೊಮ್ಮೆ ಈಗೊಮ್ಮೆ ಎದುರಾಗುತ್ತದೆ, ಎದುರಾದಾಗ ಸಂದರ್ಭದಿಂದ ಅರ್ಥವನ್ನು ಊಹಿಸಿಕೊಂಡು ಮುಂದೆ ಹೋಗುವ ಓದುಗರೇ ಹೆಚ್ಚು. ನಿಘಂಟು ತೆರೆದರೆ ಎರಡು ಅರ್ಥಗಳು ಸಿಗುತ್ತವೆ. ಮಾತನಾಡುವವನು ಯಾವ ಗುಂಪಿಗೆ ಸೇರಿದವನೆಂಬುದನ್ನು ಬಯಲು ಮಾಡುವ ಉಚ್ಚಾರ, ಪದ ಅಥವಾ ರೂಢಿ ಎಂಬುದು ಒಂದು. ಒಂದು ಪಕ್ಷದವರೋ ಪಂಥದವರೋ ಹಿಂದಿನಿಂದ ಹೇಳಿಕೊಂಡು ಬಂದಿರುವ, ಈಗ ಸವೆದುಹೋಗಿರುವ ನಂಬಿಕೆ ಅಥವಾ ಘೋಷವಾಕ್ಯ ಎಂಬುದು ಇನ್ನೊಂದು. ನಾಲಿಗೆಯ ಮೇಲೆ ನಿಂತಿರುವ ಒಂದು ಸದ್ದಿಗೂ ಹಳಸಿಹೋದ ಒಂದು ಅಭಿಪ್ರಾಯಕ್ಕೂ ಏನು ನಂಟು ಎಂದು ಯಾರಿಗಾದರೂ ಅನಿಸುವುದು ಸಹಜ. ಎರಡನೆಯದು ಮೊದಲನೆಯದರ ಕೆಟ್ಟ ಬಳಕೆ ಎಂದು ಮೂಗು ಮುರಿಯುವ ಭಾಷಾಭಿಮಾನಿಗಳೂ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಎರಡೂ ಒಂದೇ ವಿದ್ಯಮಾನದ ಎರಡು ಹಂತಗಳು ಎಂಬುದು ನನ್ನ ಎಣಿಕೆ, ಅದಕ್ಕೆ ಆಧಾರ ಈ ಪದ ಹುಟ್ಟಿದ ಕಥೆಯಲ್ಲಿಯೇ ಇದೆ.

ಆ ಕಥೆ ಬೈಬಲಿನ ನ್ಯಾಯಸ್ಥಾಪಕರು ಎಂಬ ಗ್ರಂಥದ 12ನೆಯ ಅಧ್ಯಾಯದಲ್ಲಿ ಬರುತ್ತದೆ. ಗಿಲ್ಯಾದಿನವರ ನಾಯಕ ಯೆಪ್ತಾಹನು ಅಮ್ಮೋನಿಯರನ್ನು ಗೆದ್ದು ಬಂದಿದ್ದಾನೆ. ಆ ಯುದ್ಧಕ್ಕೆ ನಮ್ಮನ್ನೇಕೆ ಕರೆಯಲಿಲ್ಲ ಎಂದು ಎಫ್ರಾಯೀಮ್ ಕುಲದವರು ಅವನ ಮೇಲೆ ಜಗಳಕ್ಕೆ ಬಂದು, ಜಗಳ ಯುದ್ಧವಾಗಿ, ಎಫ್ರಾಯೀಮ್ಯರು ಸೋಲುತ್ತಾರೆ. ಸೋತವರು ತಮ್ಮ ನೆಲಕ್ಕೆ ಮರಳಬೇಕಾದರೆ ಯೊರ್ದನ್ ನದಿಯನ್ನು ದಾಟಲೇಬೇಕು. ನದಿಯಲ್ಲಿ ಕಾಲುಹಾಕಿ ದಾಟಬಹುದಾದ ಹಾಯ್ಗಡಗಳನ್ನೆಲ್ಲ ಗಿಲ್ಯಾದಿನವರು ಮೊದಲೇ ಹಿಡಿದು ನಿಂತಿರುತ್ತಾರೆ. ಬಂದವನನ್ನು ‘ನೀನು ಎಫ್ರಾಯೀಮನೋ’ ಎಂದು ಕೇಳುತ್ತಾರೆ. ಅವನು ಅಲ್ಲವೆಂದರೆ ‘ಶಿಬ್ಬೋಲೆತ್’ ಎನ್ನು ಎನ್ನುತ್ತಾರೆ. ಅವನ ಬಾಯಲ್ಲಿ ಅದು ‘ಸಿಬ್ಬೋಲೆತ್’ ಎಂದು ಬಂದರೆ ಹಿಡಿದು ಅಲ್ಲಿಯೇ ಕೊಲ್ಲುತ್ತಾರೆ. ಹೀಗೆ ಸತ್ತವರು 42,000 ಎಂದು ಗ್ರಂಥ ಹೇಳುತ್ತದೆ. ಇದನ್ನು ಎಣಿಸಿ ಬರೆದ ಲೆಕ್ಕವೆಂದು ಓದುವುದು ಕಷ್ಟ, ಏಕೆಂದರೆ ಅದೇ ಬೈಬಲಿನ ಅರಣ್ಯಕಾಂಡದ 26ನೆಯ ಅಧ್ಯಾಯದ ಜನಗಣತಿಯಲ್ಲಿ ಇಡೀ ಎಫ್ರಾಯೀಮ್ ಕುಲದ ಯೋಧರ ಸಂಖ್ಯೆ 32,500. ಆದರೆ ಕಥೆಯ ಬಲ ಸಂಖ್ಯೆಯಲ್ಲಿಲ್ಲ. ಒಂದೇ ದೇವರನ್ನು ನಂಬುವ, ಒಂದೇ ಮೂಲಪುರುಷನ ಸಂತತಿಯೆಂದು ಹೇಳಿಕೊಳ್ಳುವ, ಒಂದೇ ಭಾಷೆಯಾಡುವ ಎರಡು ಕುಲಗಳನ್ನು ಮುಖ ನೋಡಿ ಬೇರ್ಪಡಿಸಲು ಸಾಧ್ಯವಿರಲಿಲ್ಲವೆಂಬುದೇ ಅದರ ತಿರುಳು. ಪರೀಕ್ಷೆ ಬೇಕಾದದ್ದು ಅವರು ಅಷ್ಟು ಹತ್ತಿರದವರಾಗಿದ್ದರಿಂದ.

ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಧಾನ್ಯದ ತೆನೆ ಎಂಬ ಅರ್ಥವಿದೆ, ಹರಿಯುವ ನೀರಿನ ಸೆಳವು ಎಂಬ ಅರ್ಥವೂ ಇದೆ. ನದಿಯ ದಡದಲ್ಲಿ ಕೇಳಿದ ಪ್ರಶ್ನೆಯಾದ್ದರಿಂದ ಎರಡನೆಯ ಅರ್ಥವೇ ಹೊಂದುತ್ತದೆಂದು ಕೆಲವು ವ್ಯಾಖ್ಯಾನಕಾರರು ವಾದಿಸಿದ್ದಾರೆ. ತೆನೆಯಾದರೂ ಸರಿ, ಸೆಳವಾದರೂ ಸರಿ, ಗಿಲ್ಯಾದಿನ ಕಾವಲುಗಾರನಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಮೊದಲ ವ್ಯಂಜನ ಮಾತ್ರ. ಈ ಸಂಗತಿಯನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಫಜೀತಿಯಿಂದ ಎದುರಿಸಿದವರು ಹೀಬ್ರೂ ಬೈಬಲನ್ನು ಪ್ರಾಚೀನ ಗ್ರೀಕಿಗೆ ಅನುವಾದಿಸಿದವರು. ಗ್ರೀಕಿನಲ್ಲಿ ಶಕಾರವೇ ಇಲ್ಲ. ಆ ಅನುವಾದದ ಒಂದು ಹಸ್ತಪ್ರತಿ ಪರಂಪರೆಯಲ್ಲಿ ಕಾವಲುಗಾರರು ‘ತೆನೆ ಎನ್ನು’ ಎನ್ನುತ್ತಾರೆ. ಇನ್ನೊಂದರಲ್ಲಿ ‘ಗುಪ್ತಪದವನ್ನು ಹೇಳು’ ಎನ್ನುತ್ತಾರೆ. ಮೊದಲನೆಯ ಅನುವಾದಕ ಅರ್ಥವನ್ನು ಉಳಿಸಿಕೊಂಡು ಕಥೆಯನ್ನು ಕಳೆದುಕೊಂಡ, ಏಕೆಂದರೆ ಗ್ರೀಕಿನ ತೆನೆಯನ್ನು ಉಚ್ಚರಿಸಲಾಗದೆ ಯಾರಾದರೂ ಏಕೆ ಸಾಯಬೇಕು ಎಂಬುದು ಓದುಗನಿಗೆ ತಿಳಿಯುವ ದಾರಿಯೇ ಇಲ್ಲ. ಎರಡನೆಯವನು ಕಥೆಯನ್ನು ಉಳಿಸಿಕೊಳ್ಳಲು ಹೋಗಿ ಬೇರೆಯೇ ವಸ್ತುವನ್ನು ತಂದಿಟ್ಟ. ಕನ್ನಡಕ್ಕೆ ಈ ತೊಂದರೆ ಬರಲಿಲ್ಲ, ಎರಡು ಸದ್ದುಗಳಿಗೂ ನಮ್ಮಲ್ಲಿ ಅಕ್ಷರಗಳಿವೆ.

ಎರಡನೆಯ ಅನುವಾದಕ ತಂದಿಟ್ಟ ‘ಗುಪ್ತಪದ’ ಸ್ವಲ್ಪ ವಿವರಿಸಿ ನೋಡಬೇಕಾದ ತಪ್ಪು, ಏಕೆಂದರೆ ಇಂದಿಗೂ ಶಿಬಲೆತ್ ಎಂದರೆ ಪಾಸ್‌ವರ್ಡ್ ಎಂದು ಬರೆಯುವವರಿದ್ದಾರೆ. ಪಾಸ್‌ವರ್ಡ್ ಗುಟ್ಟಾಗಿರಬೇಕು, ಹೊರಗಿನವನಿಗೆ ಗೊತ್ತಾದ ಕ್ಷಣದಲ್ಲಿ ಅದರ ಉಪಯೋಗ ಮುಗಿಯುತ್ತದೆ. ಶಿಬಲೆತ್‌ನಲ್ಲಿ ಗುಟ್ಟೆಂಬುದಿಲ್ಲ. ಕಾವಲುಗಾರನೇ ಸರಿಯಾದ ಉತ್ತರವನ್ನು ಬಾಯಿ ತುಂಬ ಹೇಳಿಕೊಡುತ್ತಾನೆ, ಎಫ್ರಾಯೀಮ್ಯನು ಅದನ್ನು ಕೇಳಿಸಿಕೊಳ್ಳುತ್ತಾನೆ, ಆದರೂ ಹೇಳಲಾರ. ಪಾಸ್‌ವರ್ಡನ್ನು ಕದಿಯಬಹುದು, ಮಾರಬಹುದು, ಹೊಡೆದು ಬಡಿದು ಬಾಯಿ ಬಿಡಿಸಬಹುದು. ಬಾಲ್ಯದಲ್ಲಿ ನಾಲಿಗೆ ಕಲಿತ ಚಲನೆಯನ್ನು ಹಾಗೆಲ್ಲ ವಶಪಡಿಸಿಕೊಳ್ಳಲಾಗುವುದಿಲ್ಲ. ವಿಶ್ವವಿದ್ಯಾಲಯಗಳು ತಮ್ಮ ಗ್ರಂಥಾಲಯ, ಪತ್ರಿಕಾಸಂಗ್ರಹಗಳಿಗೆ ಒಂದೇ ಲಾಗಿನ್‌ನಿಂದ ಪ್ರವೇಶ ಕೊಡಲು ಬಳಸುವ ತಂತ್ರಾಂಶವೊಂದಕ್ಕೆ ಅಮೆರಿಕದ ಇಂಟರ್‌ನೆಟ್2 ಸಂಸ್ಥೆ ಶಿಬಲೆತ್ ಎಂದೇ ಹೆಸರಿಟ್ಟಿದೆ. ಚೆಂದದ ಹೆಸರೇ, ಆದರೆ ಆ ತಂತ್ರಾಂಶ ಕೊನೆಗೂ ಕೇಳುವುದು ಬಳಕೆದಾರನ ಹೆಸರನ್ನೂ ಪಾಸ್‌ವರ್ಡನ್ನೂ.

ಹೇಳಿಕೊಟ್ಟರೂ ಹೇಳಲಾಗದಿರುವುದು ಹೇಗೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಒಂದು ಒಳ್ಳೆಯ ವಿವರಣೆ ದೊರಕಿತು. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮಾತನಾಡುವ ಮನೆಗಳ ಕೂಸುಗಳಿಗೆ ಹಿಂದಿಯ ದಂತ್ಯ ತಕಾರವನ್ನೂ ಮೂರ್ಧನ್ಯ ಟಕಾರವನ್ನೂ ಕೇಳಿಸಿದರು. ಆರರಿಂದ ಎಂಟು ತಿಂಗಳಿನ ಕೂಸುಗಳು ಆ ಎರಡನ್ನೂ ಬೇರೆ ಬೇರೆಯೆಂದು ಗುರುತಿಸಿದವು. ಹತ್ತು ಹನ್ನೆರಡು ತಿಂಗಳಿಗೆ ಬರುವಷ್ಟರಲ್ಲಿ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಮಗು ಮೊದಲ ಪದವನ್ನು ಆಡುವ ಮುನ್ನವೇ ಅದರ ಕಿವಿ ಮನೆಯ ಭಾಷೆಗೆ ಬೇಕಾದ ವ್ಯತ್ಯಾಸಗಳನ್ನು ಉಳಿಸಿಕೊಂಡು ಉಳಿದವುಗಳನ್ನು ಬದಿಗೆ ಸರಿಸತೊಡಗಿರುತ್ತದೆ. ನಮಗೆ ತ ಮತ್ತು ಟ ಒಂದೇ ಎಂದು ಯಾರಾದರೂ ಹೇಳಿದರೆ ನಗು ಬರುತ್ತದೆ, ಆದರೆ ಕೋಟ್ಯಂತರ ಕಿವಿಗಳಿಗೆ ಅವು ನಿಜವಾಗಿಯೂ ಒಂದೇ. ಎಫ್ರಾಯೀಮ್ಯನಿಗೆ ಆದದ್ದೂ ಇಂಥದೇ ಇರಬೇಕು. ಅವನು ತಾನು ಕೇಳಿಸಿಕೊಂಡದ್ದನ್ನೇ ಹೇಳುತ್ತಿದ್ದೇನೆಂದು ಭಾವಿಸಿ ‘ಸಿಬ್ಬೋಲೆತ್’ ಎಂದಿರಬಹುದು. ಆ ವ್ಯಂಜನಗಳು ನಿಜಕ್ಕೂ ಶ ಮತ್ತು ಸ ಆಗಿದ್ದವೇ ಎಂಬ ಬಗೆಗೂ ವಿದ್ವಾಂಸರಲ್ಲಿ ಚರ್ಚೆಯಿದೆ. ಇ. ಎ. ಸ್ಪೀಸರ್ 1942ರ ಲೇಖನವೊಂದರಲ್ಲಿ, ಗಿಲ್ಯಾದಿನವರ ಮೂಲ ಉಚ್ಚಾರ ಇಂಗ್ಲಿಷಿನ ‘ಥಿಂಕ್’ ಪದದ ಆರಂಭದಲ್ಲಿರುವಂಥ ಘರ್ಷಧ್ವನಿಯಾಗಿತ್ತು, ಹೀಬ್ರೂ ಲಿಪಿಯಲ್ಲಿ ಅದಕ್ಕೆ ಪ್ರತ್ಯೇಕ ಅಕ್ಷರವಿಲ್ಲದ್ದರಿಂದ ಶಕಾರದಿಂದ ಬರೆದರು ಎಂದು ವಾದಿಸಿದ್ದಾನೆ.

ಕನ್ನಡದ ಓದುಗನಿಗೆ ಈ ಕಥೆಯ ಸದ್ದುಗಳೇ ಒಂದು ಕ್ಷಣ ಮುಜುಗರ ತರಬೇಕು. ಶಂಕರನನ್ನು ‘ಸಂಕರ’ ಎಂದವರನ್ನು, ಶಾಲೆಯನ್ನು ‘ಸಾಲೆ’ ಎಂದವರನ್ನು ಕಂಡು ನಕ್ಕ ತರಗತಿಗಳೆಷ್ಟೋ. ಆದರೆ ಅದೇ ನಾಲಿಗೆಗಳು ‘ಆಗಸ’ ಎನ್ನುವಾಗ, ‘ಸಕ್ಕರೆ’ ಎನ್ನುವಾಗ ಯಾರೂ ನಗುವುದಿಲ್ಲ. ಸಂಸ್ಕೃತದ ಆಕಾಶ ಆಗಸವಾದದ್ದು, ಶರ್ಕರಾ ಸಕ್ಕರೆಯಾದದ್ದು ಇದೇ ಬಗೆಯ ಬದಲಾವಣೆಯಿಂದ. ಶಕಾರಕ್ಕೆ ಸಕಾರ ಬರುವುದು ಕನ್ನಡದಲ್ಲಿ ಎಷ್ಟು ಹಳೆಯ, ಎಷ್ಟು ಗೌರವದ ಸಂಗತಿಯೆಂದರೆ ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ರೂಪಾಂತರಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ‘ಸಂಕರ’ ಎಂಬ ಉಚ್ಚಾರ ವ್ಯಾಕರಣಕ್ಕೆ ಹೊಸದಲ್ಲ, ಅದು ಹೇಳುವವನ ಓದನ್ನೂ ಹಿನ್ನೆಲೆಯನ್ನೂ ಬಯಲು ಮಾಡುತ್ತದೆಂಬುದಷ್ಟೇ ನಗುವಿಗೆ ಕಾರಣ. ಶಿಬಲೆತ್ ಎಂಬ ಪದದ ಮೊದಲ ಅರ್ಥಕ್ಕೆ ಇದಕ್ಕಿಂತ ತಕ್ಕ ಉದಾಹರಣೆಯನ್ನು ನಾನು ಹುಡುಕಲಾರೆ, ವರ್ಣಗಳು ಕೂಡ ಕಥೆಯವೇ.

ಇತಿಹಾಸದಲ್ಲಿ ಯೊರ್ದನ್ ನದಿಯ ಪರೀಕ್ಷೆ ಮತ್ತೆ ಮತ್ತೆ ನಡೆದಿದೆ, ಅಥವಾ ನಡೆಯಿತೆಂದು ಹೇಳಲಾಗಿದೆ. 1282ರಲ್ಲಿ ಸಿಸಿಲಿಯ ಜನ ಪಲೆರ್ಮೊದಲ್ಲಿ ಫ್ರೆಂಚ್ ಆಳ್ವಿಕೆಯ ವಿರುದ್ಧ ದಂಗೆಯೆದ್ದಾಗ ‘ಚಿಚಿರಿ’ ಎನ್ನಲಾಗದವರನ್ನು ಫ್ರೆಂಚರೆಂದು ತಿಳಿದು ಕೊಂದರಂತೆ, ಆ ಪದಕ್ಕೆ ಕಡಲೆ ಎಂದರ್ಥ. 1302ರ ಮೇ 18ರಂದು ಬ್ರೂಜ್ ನಗರದಲ್ಲಿ ಫ್ಲೆಮಿಶ್ ಜನ ಫ್ರೆಂಚ್ ಸೈನಿಕರನ್ನು ಗುರುತಿಸಲು ‘ಗುರಾಣಿ ಮತ್ತು ಗೆಳೆಯ’ ಎಂಬ ಅರ್ಥದ ತಮ್ಮ ಭಾಷೆಯ ಎರಡು ಪದಗಳನ್ನು ಹೇಳಿಸಿದರೆಂದು ಪ್ರತೀತಿ. 1381ರ ಇಂಗ್ಲೆಂಡಿನ ರೈತ ದಂಗೆಯಲ್ಲಿ ಫ್ಲೆಮಿಶರೇ ಬಲಿಯಾದರು. ಇಂಗ್ಲಿಷಿನಲ್ಲಿ ‘ಬ್ರೆಡ್ ಅಂಡ್ ಚೀಸ್’ ಎನ್ನಲಾಗದವರ ತಲೆ ಹಾರಿಸಿದರೆಂದು ಲಂಡನ್ನಿನ ವೃತ್ತಾಂತವೊಂದು ದಾಖಲಿಸಿದೆ. ಎರಡನೆಯ ಮಹಾಯುದ್ಧದಲ್ಲಿ ಡಚ್ಚರು ಜರ್ಮನ್ನರನ್ನು ಪತ್ತೆಹಚ್ಚಲು ‘ಸ್ಖೇವನಿಂಗನ್’ ಎಂಬ ತಮ್ಮ ಕಡಲತೀರದ ಊರಿನ ಹೆಸರನ್ನು ಬಳಸಿದರೆಂಬ ಮಾತೂ ಇದೆ. ಕಡಲೆ, ಗುರಾಣಿ, ರೊಟ್ಟಿ, ಊರಿನ ಹೆಸರು: ಯಾವುದರ ಅರ್ಥಕ್ಕೂ ನಡೆಯುತ್ತಿರುವ ಘಟನೆಗೂ ಸಂಬಂಧವೇ ಇಲ್ಲದಿರುವುದನ್ನು ಗಮನಿಸಬೇಕು. ಇವುಗಳಲ್ಲಿ ಕೆಲವು ಜನಪದ ಕಥೆಗಳಾಗಿಯೇ ಬೆಳೆದಿರಬಹುದು, ಏಕೆಂದರೆ ಗೆದ್ದವರಿಗೆ ಇಂಥ ಕಥೆ ಹೇಳಿಕೊಳ್ಳಲು ಬಹಳ ಇಷ್ಟ.

1937ರ ಅಕ್ಟೋಬರಿನಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ನಡೆದದ್ದು ಕಥೆಯಲ್ಲ. ಸರ್ವಾಧಿಕಾರಿ ರಫಾಯೆಲ್ ತ್ರುಹಿಯೊನ ಆಜ್ಞೆಯ ಮೇರೆಗೆ ಸೈನ್ಯವು ಹೈಟಿಯ ಗಡಿಯುದ್ದಕ್ಕೂ ನೆಲೆಸಿದ್ದ ಹೈಟಿ ಮೂಲದವರನ್ನು ಹುಡುಕಿ ಕೊಂದಿತು. ಸತ್ತವರ ಸಂಖ್ಯೆಯ ಅಂದಾಜುಗಳು ಕೆಲವು ಸಾವಿರಗಳಿಂದ ಮೂವತ್ತು ಸಾವಿರಕ್ಕೂ ಮೇಲಿನವರೆಗೆ ಇವೆ. ಸೈನಿಕರು ಪಾರ್ಸ್ಲಿ ಸೊಪ್ಪಿನ ಕಟ್ಟನ್ನು ತೋರಿಸಿ ಇದೇನೆಂದು ಕೇಳುತ್ತಿದ್ದರೆಂದೂ, ಸ್ಪ್ಯಾನಿಷಿನ ‘ಪೆರೆಹಿಲ್’ ಎಂಬ ಹೆಸರಿನ ರಕಾರವನ್ನು ನಾಲಿಗೆಯ ತುದಿಯಿಂದ ಹೊರಡಿಸಲಾಗದ ಹೈಟಿಯವರು ಸಿಕ್ಕಿಬೀಳುತ್ತಿದ್ದರೆಂದೂ ಹೇಳುತ್ತಾರೆ. ಹೀಗಾಗಿ ಈ ಹತ್ಯಾಕಾಂಡಕ್ಕೆ ಪಾರ್ಸ್ಲಿ ಹತ್ಯಾಕಾಂಡವೆಂದೇ ಹೆಸರು ಬಂತು. ಅಲ್ಲಿಯೂ ಒಂದು ಗಡಿನದಿ ಇತ್ತು, ಹದಿನೆಂಟನೆಯ ಶತಮಾನದ ಇನ್ನೊಂದು ಕೊಲೆಯ ಕಾರಣಕ್ಕೆ ಅದರ ಹೆಸರು ಮೊದಲೇ ‘ಹತ್ಯಾನದಿ’ ಎಂದಾಗಿತ್ತು. ಡೊಮಿನಿಕನ್ ಸರ್ಕಾರ ಪರಿಹಾರವಾಗಿ 7,50,000 ಡಾಲರ್ ಕೊಡಲು ಒಪ್ಪಿ, ಅನಂತರ ಅದನ್ನು 5,25,000ಕ್ಕೆ ಇಳಿಸಿಕೊಂಡಿತು.

ಆದರೆ ರಿಚರ್ಡ್ ಟೂರಿಟ್ಸ್‌ನಂಥ ಇತಿಹಾಸಕಾರರು ಈ ಸೊಪ್ಪಿನ ಪರೀಕ್ಷೆಯ ಬಗ್ಗೆ ಎತ್ತಿರುವ ಪ್ರಶ್ನೆಯೊಂದು ನನಗೆ ಬಹಳ ಮಹತ್ವದ್ದಾಗಿ ಕಾಣುತ್ತದೆ. ಗಡಿಯಲ್ಲಿ ಸತ್ತವರಲ್ಲಿ ಅನೇಕರು ಅಲ್ಲಿಯೇ ಹುಟ್ಟಿ ಬೆಳೆದು ಎರಡೂ ಭಾಷೆಗಳನ್ನು ಸರಾಗವಾಗಿ ಆಡುತ್ತಿದ್ದವರು, ಅವರನ್ನು ಉಚ್ಚಾರದಿಂದ ಬೇರ್ಪಡಿಸುವುದು ಎಷ್ಟರಮಟ್ಟಿಗೆ ಸಾಧ್ಯವಿತ್ತು? ಪರೀಕ್ಷೆ ಕೆಲಸ ಮಾಡದಿದ್ದ ಕಡೆಯೂ ಕೊಲೆ ನಡೆದಿದೆ. ಹಾಗಿದ್ದರೆ ಪರೀಕ್ಷೆಯ ಕಥೆ ಏಕೆ ಅಷ್ಟು ಗಟ್ಟಿಯಾಗಿ ಉಳಿಯಿತು? ಇಬ್ಬರು ನೆರೆಯವರ ನಡುವೆ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ, ಸಂಶಯಕ್ಕೆ ಎಡೆಯಿಲ್ಲದ ಒಂದು ಗೆರೆ ಮೊದಲಿನಿಂದಲೂ ಇತ್ತೆಂದು ಆ ಕಥೆ ಎಲ್ಲರನ್ನೂ ನಂಬಿಸುತ್ತದೆ. ಕೊಲ್ಲುವವನಿಗೆ ಇನ್ನೊಂದು ಸಮಾಧಾನವೂ ಅದರಲ್ಲಿದೆ. ತೀರ್ಪು ಕೊಟ್ಟವನು ನಾನಲ್ಲ, ಅವನ ಬಾಯೇ ಅವನನ್ನು ಹಿಡಿದುಕೊಟ್ಟಿತು ಎಂದು ಅವನು ಹೇಳಿಕೊಳ್ಳಬಹುದು.

1983ರ ಜುಲೈಯಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದ ವೇಳೆ ಗುಂಪುಗಳು ದಾರಿಹೋಕರಿಂದ ‘ಬಾಲ್ದಿಯ’ ಎಂಬ ಸಿಂಹಳ ಪದವನ್ನು ಹೇಳಿಸಿದವೆಂದು ವರದಿಯಾಗಿದೆ. ಅದು ನೀರಿನ ಬಕೆಟ್ಟಿಗೆ ಹೆಸರು, ಮೊದಲ ಬಕಾರ ತಮಿಳರ ಬಾಯಲ್ಲಿ ವಕಾರವಾಗಿಬಿಡುತ್ತದೆಂಬುದು ಅವರ ಎಣಿಕೆ. ಕನ್ನಡದ ‘ಬಾಲ್ದಿ’ಯೂ ಸಿಂಹಳದ ‘ಬಾಲ್ದಿಯ’ವೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಒಂದೇ ಪದ. ಕೇಳುವವರಿಗೂ ಹೇಳುವವರಿಗೂ ಸೇರದ ಪರದೇಶದ ಪದವೊಂದು ಯಾರು ಈ ನೆಲದವರು ಎಂದು ತೀರ್ಮಾನಿಸುವ ಸಾಧನವಾಯಿತು.

ಎಲ್ಲ ಶಿಬಲೆತ್‌ಗಳೂ ರಕ್ತ ಕೇಳುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ಇಂಗ್ಲಿಷ್ ವರ್ಣಮಾಲೆಯ ಎಂಟನೆಯ ಅಕ್ಷರವನ್ನು ಪ್ರಾಟೆಸ್ಟೆಂಟರು ‘ಏಚ್’ ಎಂದೂ ಕ್ಯಾಥೊಲಿಕರು ‘ಹೇಚ್’ ಎಂದೂ ಹೇಳುವುದು ರೂಢಿ. ಅಲ್ಲಿನ ಗಲಭೆಯ ದಶಕಗಳಲ್ಲಿ ಆ ಒಂದು ಹಕಾರ ಅಪಾಯದ ಸುದ್ದಿಯೂ ಆಗಿತ್ತು. ಕನ್ನಡದಲ್ಲಿ ಹೆಸರಿನ ಮುಂದೆ ಎಚ್. ಎಂದೂ ಹೆಚ್. ಎಂದೂ ಯಾರ ತಕರಾರೂ ಇಲ್ಲದೆ ಬರೆಯುವ ನಮಗೆ ಇದು ವಿಚಿತ್ರವೆನಿಸಬಹುದು. ಇಂಗ್ಲೆಂಡಿನಲ್ಲಿ ಭಾಷಾವಿಜ್ಞಾನಿ ಅಲನ್ ರಾಸ್ 1954ರಲ್ಲಿ ಮೇಲ್ವರ್ಗದವರ ಪದಗಳನ್ನೂ ಉಳಿದವರ ಪದಗಳನ್ನೂ ಪಟ್ಟಿ ಮಾಡಿ ತೋರಿಸಿದ. ಕೈಒರೆಸುವ ಬಟ್ಟೆಗೆ ‘ನ್ಯಾಪ್‌ಕಿನ್’ ಎಂದವರು ಒಳಗಿನವರು, ‘ಸರ್ವಿಯೆಟ್’ ಎಂದವರು ಹೊರಗಿನವರು. ಫ್ರೆಂಚ್ ಮೂಲದ, ಹೆಚ್ಚು ನಾಜೂಕಾಗಿ ಕೇಳುವ ಪದವನ್ನು ಆರಿಸಿಕೊಂಡವನೇ ಮೇಲೇರಲು ಹವಣಿಸುವವನೆಂದು ಗುರುತಾಗುತ್ತಿದ್ದ. ಇಂಗ್ಲಿಷ್ ವ್ಯಾಕರಣ ಪುಸ್ತಕಗಳ ಕೆಲವು ನಿಷೇಧಗಳೂ ಇದೇ ಜಾತಿಯವು. ‘ಟು’ ಮತ್ತು ಕ್ರಿಯಾಪದದ ನಡುವೆ ಇನ್ನೊಂದು ಪದವನ್ನು ತರಬಾರದೆಂಬ ಹತ್ತೊಂಬತ್ತನೆಯ ಶತಮಾನದ ವಿಧಿಯಿಂದ ಯಾವ ವಾಕ್ಯವೂ ಹೆಚ್ಚು ಸ್ಪಷ್ಟವಾಗಿಲ್ಲ. ಅದನ್ನು ಪಾಲಿಸುವವರು ಯಾವ ಬಗೆಯ ಶಾಲೆಯಲ್ಲಿ ಓದಿದರೆಂಬುದಂತೂ ತಿಳಿಯುತ್ತದೆ.

ಇಂಗ್ಲಿಷಿಗೆ ಈ ಪದ ಬಂದದ್ದು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ಬೈಬಲಿನ ಅನುವಾದದ ಮೂಲಕ. ಸುಮಾರು ಎರಡೂವರೆ ಶತಮಾನ ಅದು ಆ ಕಥೆಯೊಳಗಿನ ಹೀಬ್ರೂ ಪದವಾಗಿಯೇ ಇತ್ತು. ಹದಿನೇಳನೆಯ ಶತಮಾನದಲ್ಲಿ, ಇಂಗ್ಲೆಂಡ್ ಧಾರ್ಮಿಕ ಪಂಗಡಗಳಾಗಿ ಒಡೆದು ಕಾದಾಡುತ್ತಿದ್ದ ಕಾಲದಲ್ಲಿ, ಪಂಗಡವೊಂದರ ಗುರುತಿನ ನುಡಿ ಎಂಬ ಲಾಕ್ಷಣಿಕ ಅರ್ಥ ಬೇರೂರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದಕ್ಕೆ ‘ಹಳಸಿದ’ ಎಂಬ ವಿಶೇಷಣ ಸೇರಿಕೊಂಡಿತು. ಉಚ್ಚಾರದಿಂದ ನಂಬಿಕೆಗೆ ನಡೆದ ಈ ಪ್ರಯಾಣದ ನಡುದಾರಿಯಲ್ಲಿ ನಿಲ್ಲುವ ಒಂದು ಉದಾಹರಣೆ ಕ್ರೈಸ್ತ ಚರ್ಚಿನ ಇತಿಹಾಸದಲ್ಲಿಯೇ ಇದೆ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಸಭೆ, ಮಗನು (ಯೇಸು) ತಂದೆಯೊಡನೆ (ದೇವರೊಡನೆ) ‘ಹೋಮೊಊಸಿಯೋಸ್’, ಅಂದರೆ ಒಂದೇ ತತ್ತ್ವದವನು, ಎಂದು ವಿಧಿಸಿತು. ಕೆಲವು ದಶಕಗಳ ಬಳಿಕ ‘ಹೋಮೊಇಊಸಿಯೋಸ್’, ಅಂದರೆ ಸದೃಶ ತತ್ತ್ವದವನು, ಎಂಬ ಪಕ್ಷ ಎದ್ದಿತು. ನಡುವಿನ ಅಂತರ ಗ್ರೀಕಿನ ಅತಿ ಚಿಕ್ಕ ಅಕ್ಷರವಾದ ಅಯೋಟ. ದೇವಶಾಸ್ತ್ರಜ್ಞರಿಗೆ ಆ ಅಕ್ಷರದೊಳಗೆ ಇಡೀ ಒಂದು ತತ್ತ್ವಶಾಸ್ತ್ರ ಕಾಣುತ್ತಿತ್ತು, ಅದನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಬೀದಿಯ ಜನಕ್ಕೆ ಮಾತ್ರ ಅದು ಒಬ್ಬ ಯಾವ ಬಿಷಪ್ಪನ ಕಡೆಯವನೆಂದು ತಿಳಿಯುವ ಉಪಾಯವಾಗಿದ್ದಿರಬೇಕು.

ಮನೋವಿಶ್ಲೇಷಣೆಯ ಸ್ಥಾಪಕ ಫ್ರಾಯ್ಡ್ ಈ ಪದವನ್ನು ಬಳಸಿದ ರೀತಿ ನನಗೆ ಇನ್ನೂ ಹೆಚ್ಚು ಕುತೂಹಲದ್ದು. ಲೈಂಗಿಕತೆಯ ಸಿದ್ಧಾಂತವನ್ನು ಕುರಿತ ತನ್ನ ಮೂರು ಪ್ರಬಂಧಗಳಿಗೆ 1920ರಲ್ಲಿ ಸೇರಿಸಿದ ಅಡಿಟಿಪ್ಪಣಿಯೊಂದರಲ್ಲಿ, ಈಡಿಪಸ್ ಕಾಂಪ್ಲೆಕ್ಸ್ (ಗಂಡುಮಗುವಿಗೆ ತಾಯಿಯ ಮೇಲೆ ಆಸೆ, ತಂದೆಯೊಡನೆ ಪೈಪೋಟಿ ಇರುತ್ತದೆಂಬ ಕಲ್ಪನೆ) ಎಂಬುದು ಮನೋವಿಶ್ಲೇಷಣೆಯ ಅನುಯಾಯಿಗಳನ್ನು ಅದರ ವಿರೋಧಿಗಳಿಂದ ಬೇರ್ಪಡಿಸುವ ಶಿಬಲೆತ್ ಆಗಿದೆಯೆಂದು ಅವನು ಬರೆದ. ಹೆಮ್ಮೆಯಿಂದಲೇ ಬರೆದಂತಿದೆ. ಆ ಹೊತ್ತಿಗೆ ಅವನ ಸಂಗಡಿಗರಾಗಿದ್ದ ಆ್ಯಡ್ಲರ್ 1911ರಲ್ಲಿಯೂ ಯೂಂಗ್ ಅದರ ಬೆನ್ನಲ್ಲೇ ಕೆಲವು ವರ್ಷಗಳಲ್ಲಿಯೂ ಅವನಿಂದ ದೂರ ಸರಿದಾಗಿತ್ತು. ವಿಜ್ಞಾನದ ಪ್ರತಿಪಾದನೆಯೊಂದಕ್ಕೆ ಸಾಮಾನ್ಯವಾಗಿ ನಾವು ಕೇಳುವುದು ಇದು ನಿಜವೇ, ಇದಕ್ಕೆ ಪುರಾವೆಯೇನು ಎಂದು. ಅದನ್ನು ಶಿಬಲೆತ್ ಎಂದು ಕರೆದೊಡನೆ ಪ್ರಶ್ನೆಯೇ ಬದಲಾಗಿ, ಇದನ್ನು ಒಪ್ಪುವ ನೀನು ಯಾರ ಕಡೆಯವನು ಎಂದಾಗುತ್ತದೆ. ಅರ್ಥವು ಹಿಂದೆ ಸರಿದು ಸದಸ್ಯತ್ವ ಮುಂದೆ ಬರುತ್ತದೆ, ಹಾಯ್ಗಡದಲ್ಲಿ ತೆನೆ ಹಿಂದೆ ಸರಿದು ಶಕಾರ ಮುಂದೆ ಬಂದಂತೆಯೇ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಶಕಾರವನ್ನು ಎಫ್ರಾಯೀಮ್ಯನು ನಟಿಸಲಾರ, ಸರಿ. ಆದರೆ ಘೋಷವಾಕ್ಯವನ್ನು ಯಾರು ಬೇಕಾದರೂ ಹೇಳಬಹುದಲ್ಲ, ಅದು ಪರೀಕ್ಷೆಯಾಗುವುದು ಹೇಗೆ? ಉತ್ತರ ಆ ‘ಹಳಸಿದ’ ಎಂಬ ವಿಶೇಷಣದಲ್ಲಿದೆ ಎಂದು ನನಗೆ ತೋರುತ್ತದೆ. ಎರಡು ಎರಡು ನಾಲ್ಕು ಎಂಬುದು ಯಾವ ಪಕ್ಷದ ಶಿಬಲೆತ್ ಕೂಡ ಆಗಲಾರದು, ಏಕೆಂದರೆ ಅದನ್ನು ಎಲ್ಲರೂ ಹೇಳುತ್ತಾರೆ. ಒಂದು ಮಾತು ತನ್ನ ಬಲದಿಂದಲೇ ಹೊರಗಿನವರನ್ನು ಒಪ್ಪಿಸುತ್ತಿರುವವರೆಗೆ ಅದು ಒಳಗಿನವರನ್ನು ಗುರುತಿಸಲು ಬರುವುದಿಲ್ಲ. ಕಾಲ ಬದಲಾಗಿ, ಸಂದರ್ಭ ಕಳಚಿ, ಹೊರಗಿನವರಿಗೆ ಅದು ಅಸಂಬದ್ಧವೆಂದೋ ನಗೆಪಾಟಲೆಂದೋ ಕಾಣತೊಡಗಿದ ಮೇಲೆ ಅದನ್ನು ಗಂಭೀರವಾಗಿ ಹೇಳುವವರು ಒಳಗಿನವರು ಮಾತ್ರ. ಆಗ ಅದನ್ನು ಹೇಳುವುದಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ: ಹೊರಗಿನವರ ಮುಂದೆ ಮುಖಭಂಗ, ಅರೆನಂಬಿಕೆಯವನಿಗೆ ಒಳಗೊಳಗೆ ಇರುಸುಮುರುಸು. ನಂಬದವನ ಬಾಯಲ್ಲಿ ಅದು ತಡವರಿಸುತ್ತದೆ, ನಾಲಿಗೆ ತಿರುಗದ್ದರಿಂದಲ್ಲ, ಮನಸ್ಸು ತಿರುಗದ್ದರಿಂದ. ಹಾಗಾಗಿ ಸವೆತ ಘೋಷವಾಕ್ಯಕ್ಕೆ ಬಂದ ರೋಗವೆಂದು ನಾನು ತಿಳಿಯುವುದಿಲ್ಲ; ಅದು ಪರೀಕ್ಷೆಯಾಗಿ ಕೆಲಸ ಮಾಡುವ ಅರ್ಹತೆ ಪಡೆಯುವುದು ಸವೆದ ಮೇಲೆಯೇ. ನಾಣ್ಯದ ಮುದ್ರೆ ಅಳಿಸಿದಂತೆಲ್ಲ ಅಂಗಡಿಯವನು ಅದನ್ನು ನಿರಾಕರಿಸುತ್ತಾನೆ, ಆದರೆ ಅದೇ ನಾಣ್ಯ ಕೂಟವೊಂದರ ಸದಸ್ಯರು ಪರಸ್ಪರ ತೋರಿಸಿಕೊಳ್ಳುವ ಬಿಲ್ಲೆಯಾಗಿ ಚೆನ್ನಾಗಿಯೇ ನಡೆಯುತ್ತದೆ. ರಾಜಕೀಯ ಪಕ್ಷಗಳ ಪ್ರಣಾಳಿಕೆಗಳಲ್ಲಿ ಯಾರೂ ಜಾರಿಗೆ ತರಲು ಉದ್ದೇಶಿಸದ ವಾಕ್ಯಗಳು ದಶಕಗಳ ಕಾಲ ಏಕೆ ಉಳಿದುಕೊಂಡಿರುತ್ತವೆ, ಅವುಗಳನ್ನು ತೆಗೆಯಹೊರಟವನ ಮೇಲೆ ಏಕೆ ದ್ರೋಹದ ಆರೋಪ ಬರುತ್ತದೆ ಎಂಬುದು ಹೀಗೆ ನೋಡಿದಾಗ ಒಗಟಾಗಿ ಉಳಿಯುವುದಿಲ್ಲ.

ಬಳಕೆಯ ದೃಷ್ಟಿಯಿಂದ ಕೆಲವು ಸೂಕ್ಷ್ಮಗಳಿವೆ. ಇಂಗ್ಲಿಷ್ ಬರಹದಲ್ಲಿ ಶಿಬಲೆತ್ ಬಹುಪಾಲು ಪರರ ಮೇಲೆ ಎಸೆಯುವ ಪದ. ‘ಅವರ ಶಿಬಲೆತ್‌ಗಳು’ ಎಂದು ಬರೆಯುತ್ತಾರೆ, ‘ನಮ್ಮ ಶಿಬಲೆತ್‌ಗಳು’ ಎಂದು ಬರೆದವರು ಅಪರೂಪ, ಬರೆದರೆ ಅಲ್ಲಿ ಆತ್ಮವಿಮರ್ಶೆಯ ಧ್ವನಿ ಇರುತ್ತದೆ. ಎರಡನೆಯ ಅರ್ಥದಲ್ಲಿ ಅದು ಹೆಚ್ಚಾಗಿ ಬಹುವಚನದಲ್ಲಿ ಬರುತ್ತದೆ. ಜಪಿಸುವುದು, ಅಂಟಿಕೊಳ್ಳುವುದು, ಪ್ರಶ್ನಿಸುವುದು, ಕಿತ್ತೊಗೆಯುವುದು ಇವು ಅದರ ಜೊತೆಗಾರ ಕ್ರಿಯಾಪದಗಳು. ಮೂಢನಂಬಿಕೆ ಎನ್ನಬೇಕಾದಲ್ಲಿ, ನಿಷೇಧ ಎನ್ನಬೇಕಾದಲ್ಲಿ, ಬರೀ ಸವಕಲು ನುಡಿ ಎನ್ನಬೇಕಾದಲ್ಲಿ ಇದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಸವಕಲು ನುಡಿಯನ್ನು ಎಲ್ಲ ಪಕ್ಷದವರೂ ಸೋಮಾರಿತನದಿಂದ ಬಳಸುತ್ತಾರೆ, ಅದು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಬೇರ್ಪಡಿಸುವ ಕೆಲಸ ನಡೆಯದ ಕಡೆ ಈ ಪದಕ್ಕೂ ಕೆಲಸವಿಲ್ಲ. ಉಚ್ಚರಿಸುವಾಗ ಒತ್ತು ಮೊದಲ ಅಕ್ಷರದ ಮೇಲೆ ಬೀಳಬೇಕು. ಪುಸ್ತಕದಲ್ಲಿ ಮಾತ್ರ ಕಂಡು ಕಲಿತವರು ಒತ್ತನ್ನು ಬೇರೆಡೆ ಹಾಕಿ, ಆ ಪದದಿಂದಲೇ ಸಿಕ್ಕಿಬೀಳುವುದುಂಟು. ಕನ್ನಡಕ್ಕೆ ತರುವಾಗ ಮೊದಲ ಅರ್ಥಕ್ಕೆ ‘ಗುರುತುನುಡಿ’ ಸಾಕಾಗುತ್ತದೆ. ಎರಡನೆಯ ಅರ್ಥದಲ್ಲಿ ವಾಕ್ಯವನ್ನೇ ಬಿಡಿಸಿ ಹೇಳುವುದು ಮೇಲು.

ಕೊಲಂಬಿಯಾದ ಕಲಾವಿದೆ ಡೊರಿಸ್ ಸಾಲ್ಸೆಡೊ 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ವಿಶಾಲ ಟರ್ಬೈನ್ ಹಾಲಿನ ನೆಲವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, 167 ಮೀಟರ್ ಉದ್ದಕ್ಕೆ, ಬಿರುಕು ಬಿಡಿಸಿದಳು. ಕೃತಿಯ ಹೆಸರು ಶಿಬಲೆತ್. ಹೆಸರಿಗೂ ಬಿರುಕಿಗೂ ಏನು ಸಂಬಂಧವೆಂದು ನೋಡುಗರು ಕೇಳಿದ್ದಿರಬಹುದು. ವಲಸೆ ಬಂದವರು ಯುರೋಪಿನಲ್ಲಿ ಎದುರಿಸುವ ವಿಭಜನೆಯನ್ನು ಕುರಿತ ಕೃತಿ ಅದು. ಪದದ ಬದಲು ಪದ ಮಾಡುವ ಕೆಲಸವನ್ನೇ ಅವಳು ನೆಲದ ಮೇಲೆ ಇಟ್ಟಳೆಂದು ನಾನು ಓದಿಕೊಳ್ಳುತ್ತೇನೆ. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ತುಂಬಿದರು, ಗೆರೆ ಮಾತ್ರ ಕಾಣುವಂತೆಯೇ ಉಳಿಯಿತು.

ಆ ವಲಸಿಗರ ವಿಷಯದಲ್ಲಿ ಹಾಯ್ಗಡದ ಪರೀಕ್ಷೆ ಇಂದು ಕಚೇರಿಗಳಿಗೆ ಬಂದಿದೆ. 1990ರ ದಶಕದಿಂದ ಯುರೋಪಿನ ಹಲವು ದೇಶಗಳ ವಲಸೆ ಇಲಾಖೆಗಳು, ಕಾಗದಪತ್ರಗಳಿಲ್ಲದೆ ಆಶ್ರಯ ಕೇಳಿ ಬಂದವರ ಮಾತನ್ನು ಧ್ವನಿಮುದ್ರಿಸಿಕೊಂಡು, ಅವರು ಹೇಳುವ ದೇಶದವರೇ ಹೌದೋ ಅಲ್ಲವೋ ಎಂಬುದನ್ನು ಉಚ್ಚಾರ ಮತ್ತು ಪದಬಳಕೆಯಿಂದ ನಿರ್ಧರಿಸಲು ಯತ್ನಿಸುತ್ತಿವೆ. 2004ರಲ್ಲಿ ಭಾಷಾವಿಜ್ಞಾನಿಗಳ ಒಂದು ಅಂತರರಾಷ್ಟ್ರೀಯ ಗುಂಪು ಇದಕ್ಕೆ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಒಬ್ಬನ ಮಾತು ಅವನು ಯಾವ ಸಮುದಾಯದ ನಡುವೆ ಬೆಳೆದನೆಂಬುದನ್ನು ಸೂಚಿಸಬಲ್ಲದೇ ಹೊರತು ಅವನ ಪೌರತ್ವವನ್ನಲ್ಲ, ಭಾಷೆಗಳು ದೇಶದ ಗಡಿಗಳಿಗೆ ಸರಿಯಾಗಿ ನಿಲ್ಲುವುದಿಲ್ಲ, ಆ ಭಾಷೆಯನ್ನು ಆಡಬಲ್ಲವನೆಂಬ ಮಾತ್ರಕ್ಕೆ ಯಾರೂ ತಜ್ಞರಾಗುವುದಿಲ್ಲ, ತಜ್ಞನು ತನ್ನ ತೀರ್ಮಾನದಲ್ಲಿ ತನಗೆಷ್ಟು ಖಚಿತತೆಯಿದೆಯೆಂಬುದನ್ನೂ ತಿಳಿಸಬೇಕು ಎಂಬುವು ಅದರ ಮುಖ್ಯ ಮಾತುಗಳು. ಸೊಮಾಲಿಯಾದವರೆಂದು ಹೇಳಿಕೊಂಡು ಆಶ್ರಯ ಕೇಳಿದ ಇಬ್ಬರ ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2014ರಲ್ಲಿ ನ್ಯಾಯಾಲಯವು ಇಂಥ ಭಾಷಾ ವರದಿಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದಾದರೂ ಅವುಗಳಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಪ್ರತಿಯೊಂದು ಪ್ರಕರಣದಲ್ಲಿಯೂ ಪರಿಶೀಲಿಸಬೇಕು, ವರದಿ ಬರೆದವರು ತಮ್ಮ ಪರಿಣತಿಯ ಮೇರೆಯನ್ನು ಮೀರಿ ಅರ್ಜಿದಾರನ ಸತ್ಯಸಂಧತೆಯ ಬಗ್ಗೆ ಅಭಿಪ್ರಾಯ ಕೊಡಬಾರದು ಎಂದಿತು. ಗಡಿಯ ಹತ್ತಿರ ಹುಟ್ಟಿ, ಎರಡು ಮೂರು ಊರುಗಳಲ್ಲಿ ಬೆಳೆದು, ನಿರಾಶ್ರಿತರ ಶಿಬಿರದಲ್ಲಿ ಹತ್ತಾರು ಕಡೆಯವರೊಡನೆ ವರ್ಷಗಟ್ಟಲೆ ಬಾಳಿದವನ ನಾಲಿಗೆ ಯಾವ ದೇಶದ್ದು ಎಂಬ ಪ್ರಶ್ನೆಗೆ ಹಲವು ಪುಟಗಳ ಉತ್ತರ ಬೇಕಾಗುತ್ತದೆ. ಅರ್ಜಿಯ ನಮೂನೆಯಲ್ಲಿ ಅದಕ್ಕೆ ಬಿಟ್ಟಿರುವುದು ಒಂದೇ ಸಾಲು.